ಜೋಡಿಯಾಗಿ ಬೆಟ್ಟ ಹತ್ತಿದರೆ ಯಾರಿಗೇನು ನಷ್ಟ?

ಬೆಂಗಳೂರಿನ ಸುತ್ತಣ ಬೆಟ್ಟಗಳಿಗೆ ಮದುವೆಯಾಗದ ತರುಣ ತರುಣಿಯರು ಜೋಡಿಯಾಗಿ ಹೋಗುವುದನ್ನು ಹೇಗಾದರೂ ತಡೆಯಬೇಕು ಎಂಬ ಮಾತು ಈಚೆಗೆ ನಮ್ಮಂಥವರ ಮನೆಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತಿದೆ. ಹೀಗೆ ಹೇಳುವವರು ಪುಂಡರಲ್ಲ, ಓದುಬರಹ ಬಲ್ಲವರು. ಸಂಗೀತ ಕಚೇರಿಗೆ ಹೋಗುವವರು, ಮಕ್ಕಳ ಶಾಲೆಯ ಫೀಜನ್ನು ಕಾಲಕ್ಕೆ ಸರಿಯಾಗಿ ಕಟ್ಟುವವರು, ಪತ್ರಿಕೆಯನ್ನು ಸಂಪಾದಕೀಯದಿಂದ ಓದಲು ತೊಡಗುವವರು. ನನ್ನ ಸಹೋದ್ಯೋಗಿಗಳಲ್ಲೂ ಅನೇಕರು ಈ ಪಂಗಡಕ್ಕೆ ಸೇರಿದವರೇ. ಅವರ ವಾದವನ್ನು ಅವರಿಗೆ ಅನ್ಯಾಯವಾಗದಂತೆ ಸಂಗ್ರಹಿಸಿ ಹೇಳುವುದಾದರೆ ಹೀಗೆ: ನಂದಿ, ಸಾವನದುರ್ಗ, ಶಿವಗಂಗೆ, ರಾಮದೇವರ ಬೆಟ್ಟ ಇವೆಲ್ಲ ದೇವರು ನೆಲೆಸಿದ ಸ್ಥಳಗಳು, ಅಲ್ಲಿ ಹುಡುಗ ಹುಡುಗಿಯರು ಕೈ ಹಿಡಿದು ತಿರುಗುವುದು ನಮ್ಮ ಸಂಸ್ಕೃತಿಗೆ ಒಪ್ಪುವ ಸಂಗತಿಯಲ್ಲ, ಅದೂ ಅಲ್ಲದೆ ನಿರ್ಜನವಾದ ಕಡೆ ಹೆಣ್ಣುಮಗಳಿಗೆ ಅಪಾಯ, ಆದ್ದರಿಂದ ಬೆಟ್ಟದ ಬುಡದಲ್ಲೇ ಗುರುತಿನ ಚೀಟಿ ನೋಡಿ, ದಂಪತಿಗಳಲ್ಲದವರನ್ನು ಹಿಂದಕ್ಕೆ ಕಳಿಸಬೇಕು.

ಹೋದ ತಿಂಗಳು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಈ ಪ್ರಸ್ತಾಪ ಬಂದಾಗ ನಾನು ಒಪ್ಪಲಿಲ್ಲ. ಹಿರಿಯರೊಬ್ಬರು, ಇನ್ನು ಮಾತಿಗೆ ಎಡೆಯೇ ಇಲ್ಲವೆಂಬ ಧಾಟಿಯಲ್ಲಿ, “ಹಾಗಾದರೆ ನಿಮ್ಮ ಮಗಳನ್ನು ಕಳಿಸುತ್ತೀರಾ ಮೇಡಂ?” ಎಂದು ಕೇಳಿದರು. ನನಗೆ ಹತ್ತೊಂಬತ್ತು ವರ್ಷದ ಮಗಳಿದ್ದಾಳೆ. “ಕಳಿಸುತ್ತೇನೆ” ಎಂದೆ. ಅಷ್ಟರಲ್ಲಿ ತರಗತಿಯ ಗಂಟೆ ಹೊಡೆಯಿತು. ಎಲ್ಲರೂ ಹಾಜರಿ ಪುಸ್ತಕ ಎತ್ತಿಕೊಂಡು ಎದ್ದರು. ಆ ಒಂದು ಮಾತಿಗೆ ನನ್ನಲ್ಲಿದ್ದ ಕಾರಣಗಳನ್ನು ಅಲ್ಲಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ.

ಮೊದಲು ಪದದ ವಿಚಾರ. ಕನ್ನಡದ ಅಧ್ಯಾಪಕಿಯಾದ ತಪ್ಪಿಗೆ ನಾನು ಪದದಿಂದಲೇ ಆರಂಭಿಸಬೇಕು. ಹುಡುಗ ಹುಡುಗಿಯರು ಹೀಗೆ ಒಂದು ದಿನದ ಮಟ್ಟಿಗೆ ಕೂಡಿ ಹೋಗುವುದಕ್ಕೆ ‘ಡೇಟ್’ ಎನ್ನುತ್ತಾರೆ. ನಾವು ಚಿಕ್ಕವರಿದ್ದಾಗ ಡೇಟ್ ಎಂದರೆ ಪಾಟಿಯ ಮೂಲೆಯಲ್ಲಿ ಬರೆಯುವ ತಾರೀಕು. ಈ ಅರ್ಥಕ್ಕೆ ನಮ್ಮಲ್ಲಿ ಪದವಿಲ್ಲ, ಏಕೆಂದರೆ ಆ ಪದ್ಧತಿಯೇ ನಮ್ಮದಲ್ಲ ಎನ್ನುವವರುಂಟು. ‘ವಧೂಪರೀಕ್ಷೆ’ ಎಂಬ ಪದ ನಮ್ಮಲ್ಲಿದೆ, ‘ವರಪರೀಕ್ಷೆ’ ಎಂಬುದು ಬಳಕೆಯಲ್ಲಿಲ್ಲ. ಅದರಿಂದ ವರನನ್ನು ಪರೀಕ್ಷಿಸಕೂಡದು ಎಂದು ತೀರ್ಮಾನಿಸೋಣವೆ? ಹುಡುಕಿದರೆ ಒಳ್ಳೆಯ ಪದ ಸಿಕ್ಕುತ್ತದೆ: ಒಡನಾಟ. ಒಡನೆ ಇದ್ದು ಆಡುವುದು, ಒಡನೆ ನಡೆಯುವುದು. ‘ಡೇಟ್’ ಎಂದರೆ ಬೆಚ್ಚಿ ಬೀಳುವವರು ‘ಒಡನಾಟ’ ಎಂದು ಓದಿಕೊಳ್ಳಲಿ, ಅರ್ಥಕ್ಕೆ ಕೊರತೆಯಿಲ್ಲ.

ಈಗ ನಮ್ಮದೇ ಪದ್ಧತಿಯನ್ನು ನೋಡೋಣ. ನನ್ನನ್ನು ನೋಡಲು ಬಂದಾಗ ನಡುಮನೆಯಲ್ಲಿ ಹದಿನಾಲ್ಕು ಜನ ಕೂತಿದ್ದರು. ಉಪ್ಪಿಟ್ಟು, ಕೇಸರಿಭಾತು, ಕಾಫಿ. ನಾನು ತಟ್ಟೆ ಹಿಡಿದು ಬಂದೆ, ತಲೆ ತಗ್ಗಿಸಿ ಕೂತೆ. ಹುಡುಗನ ಸೋದರಮಾವ ನಾನು ಎಷ್ಟು ಓದಿದ್ದೇನೆಂದು ಕೇಳಿದರು. ಜಾತಕದ ಜೊತೆ ಕಳಿಸಿದ್ದ ಕಾಗದದಲ್ಲಿ ಎಂ.ಎ. ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಆಮೇಲೆ ‘ಇಬ್ಬರೂ ಒಂದು ಹತ್ತು ನಿಮಿಷ ಮಾತಾಡಿಕೊಳ್ಳಲಿ’ ಎಂದು ಉದಾರವಾಗಿ ಮಹಡಿಗೆ ಕಳಿಸಿದರು. ಮೆಟ್ಟಿಲಿನ ಮೇಲೆ ಚಿಕ್ಕಪ್ಪನ ಮಗ ಕಾವಲಿಗಿದ್ದ. ಆ ಹತ್ತು ನಿಮಿಷದಲ್ಲಿ ನಮ್ಮ ಯಜಮಾನರು ನನಗೆ ಹೇಳಿದ್ದು ತಮ್ಮ ಆಫೀಸು ಯಾವ ರಸ್ತೆಯಲ್ಲಿದೆ ಎಂಬುದನ್ನು. ನಾನು ಅವರಿಗೆ ಹೇಳಿದ್ದು ಆ ರಸ್ತೆ ನನಗೆ ಗೊತ್ತು ಎಂಬುದನ್ನು. ಅವರು ಒಳ್ಳೆಯವರಾಗಿದ್ದುದು ನನ್ನ ಅದೃಷ್ಟ. ಆ ಅದೃಷ್ಟವನ್ನು ಪದ್ಧತಿಯ ಗುಣವೆಂದು ಲೆಕ್ಕಕ್ಕೆ ಬರೆದುಕೊಳ್ಳಲು ನಾನು ಸಿದ್ಧಳಿಲ್ಲ.

ಏಕೆಂದರೆ ಅದೇ ಮಹಡಿಯ ಮೇಲೆ, ಅದೇ ಹತ್ತು ನಿಮಿಷದಲ್ಲಿ, ನನ್ನ ಚಿಕ್ಕಮ್ಮನ ಮಗಳೂ ಒಬ್ಬರನ್ನು ಒಪ್ಪಿದಳು. ಹುಡುಗ ಸೌಮ್ಯ, ಮಾತು ಕಡಿಮೆ, ಹಿರಿಯರೆಂದರೆ ಗೌರವ ಎಂದು ಮನೆಯವರಿಗೆಲ್ಲ ಮೆಚ್ಚುಗೆಯಾಗಿತ್ತು. ಮದುವೆಯಾದ ಎರಡನೆಯ ವಾರ ಇಬ್ಬರೂ ನಂದಿಬೆಟ್ಟಕ್ಕೆ ಹೋದರು. ಕೆಳಗಿನಿಂದ ಮೆಟ್ಟಿಲು ಹತ್ತಿ ಹೋಗೋಣವೆಂದು ಆಸೆಪಟ್ಟವಳು ಅವಳೇ. ಅರ್ಧ ದಾರಿಯಲ್ಲಿ ಅವಳಿಗೆ ಉಸಿರು ಹತ್ತಿತು, ಕೂತಳು. ಆತ ನಿಲ್ಲಲಿಲ್ಲ. ಮೇಲಿನ ತಿರುವಿನವರೆಗೆ ಹೋಗಿ, ಅಲ್ಲಿಂದ ಹತ್ತು ಜನಕ್ಕೆ ಕೇಳುವಂತೆ ಅವಳನ್ನು ಗದರಿಸಿದ. ಆಮೇಲೆ ನೀರಿನ ಬಾಟಲಿಯನ್ನೂ ತನ್ನ ಚೀಲದಲ್ಲೇ ಇಟ್ಟುಕೊಂಡು ಮುಂದೆ ನಡೆದ. ಆ ದಿನ ಕಂಡ ಮನುಷ್ಯನೊಡನೆ ಅವಳು ಹನ್ನೊಂದು ವರ್ಷ ಬಾಳಿ, ಕೊನೆಗೆ ಎರಡು ಪೆಟ್ಟಿಗೆ ಹಿಡಿದು ತವರಿಗೆ ಬಂದಳು. “ಅಕ್ಕಾ, ಆ ಮೆಟ್ಟಿಲ ಮೇಲೆ ಕೂತಿದ್ದಾಗಲೇ ನನಗೆ ಗೊತ್ತಾಗಿತ್ತು. ಆದರೆ ಆಗಲೇ ತಾಳಿ ಇತ್ತಲ್ಲ” ಎಂದಳು. ಅವಳು ಒಂದು ಬೆಳಗಿನಲ್ಲಿ ತಿಳಿದುಕೊಂಡದ್ದನ್ನು ಮದುವೆಗೆ ಒಂದು ತಿಂಗಳು ಮೊದಲು ತಿಳಿದುಕೊಂಡಿದ್ದರೆ ಯಾರ ಸಂಸ್ಕೃತಿ ಮುಳುಗುತ್ತಿತ್ತು? ನನಗೆ ಉತ್ತರ ಬೇಕು.

ಬೆಟ್ಟ ಮನುಷ್ಯನ ಗುಣವನ್ನು ಬಯಲಿಗೆಳೆಯುವಷ್ಟು ಬೇಗ ಇನ್ನಾವುದೂ ಎಳೆಯುವುದಿಲ್ಲ. ಸಾವನದುರ್ಗವನ್ನೇ ತೆಗೆದುಕೊಳ್ಳಿ. ಮಾಗಡಿಯ ಆಚೆ, ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರಕ್ಕೆ ಎದ್ದುನಿಂತಿರುವ ಏಕಶಿಲೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕೈಯಿಂದ ಕಿತ್ತುಕೊಂಡ ಕೋಟೆ. ಬಿಳಿಗುಡ್ಡ, ಕರಿಗುಡ್ಡ ಎಂದು ಎರಡು ಶಿಖರ. ಜನ ಹತ್ತುವುದು ಕರಿಗುಡ್ಡವನ್ನು. ಮೆಟ್ಟಿಲುಗಳ ಸುಖ ಅಲ್ಲಿಲ್ಲ, ನೆರಳೂ ಇಲ್ಲ. ಬೋಳುಬಂಡೆಯ ಇಳಿಜಾರಿನ ಮೇಲೆ ಪಾದದ ಹಿಡಿತವನ್ನೇ ನಂಬಿ ಹತ್ತಬೇಕು. ಕೆಲವು ಕಡೆ ನಾಚಿಕೆ ಬಿಟ್ಟು ನಾಲ್ಕು ಕಾಲಿನಲ್ಲಿ. ಹತ್ತು ಗಂಟೆಯ ಹೊತ್ತಿಗೆ ಬಂಡೆ ಕಾದು ಹೆಂಚಾಗುತ್ತದೆ. ಅಂಥ ಕಡೆ ಅಲಂಕಾರದ ಮಾತು ಎಷ್ಟು ದೂರ ನಡೆದೀತು? ಒಂದು ಗಂಟೆ ಕಳೆಯುವಷ್ಟರಲ್ಲಿ ಮುಖದ ಪೌಡರು ಇಳಿಯುತ್ತದೆ, ಜೊತೆಗೆ ಮಾತಿನ ಪೌಡರೂ ಇಳಿಯುತ್ತದೆ. ಉಳಿದ ಒಂದು ಗುಟುಕು ನೀರನ್ನು ಯಾರು ಯಾರಿಗೆ ಕೊಟ್ಟರು, ಮುಂದೆ ಹೋದವರು ತಿರುಗಿ ನೋಡಿದರೋ ಇಲ್ಲವೋ, ಬೆಟ್ಟದ ಬುಡದಲ್ಲಿ ಸೌತೆಕಾಯಿ ಮಾರುವ ಮುದುಕಿಯ ಹತ್ತಿರ ಹತ್ತು ರೂಪಾಯಿಗೆ ಜಗಳವಾಡಿದರೋ ಇಲ್ಲವೋ, ಇವೆಲ್ಲ ಅಲ್ಲಿ ಕಾಣುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ಒಂದು. ಮುಕ್ಕಾಲು ದಾರಿಯಲ್ಲಿ ಹುಡುಗಿ “ನನಗೆ ಹೆದರಿಕೆಯಾಗುತ್ತೆ, ಇಲ್ಲಿಗೆ ಸಾಕು” ಎನ್ನುತ್ತಾಳೆ ಎಂದಿಟ್ಟುಕೊಳ್ಳಿ. ಶಿಖರದ ನಂದಿಮಂಟಪ ಕಣ್ಣಿಗೆ ಕಾಣುತ್ತಿದೆ. ಆಗ ಹುಡುಗ ಏನು ಮಾಡುತ್ತಾನೆ? ನಗುತ್ತಾನೆಯೆ, ಎಳೆಯುತ್ತಾನೆಯೆ, ಮುಖ ಸಿಂಡರಿಸುತ್ತಾನೆಯೆ, ಇಲ್ಲವೆ “ಸರಿ, ಇಳಿಯೋಣ” ಎನ್ನುತ್ತಾನೆಯೆ? ಹುಡುಗಿ ‘ಸಾಕು’ ಎಂದದ್ದನ್ನು ಸಾಕು ಎಂದೇ ಕೇಳಿಸಿಕೊಳ್ಳಬಲ್ಲ ಕಿವಿ ಇದೆಯೆ ಎಂಬ ಪರೀಕ್ಷೆ ಇದು. ಸಂಸಾರದಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆಯನ್ನು ನಾನು ಕಂಡಿಲ್ಲ. ಹುಡುಗಿಯೂ ಪರೀಕ್ಷೆಗೆ ಹೊರತಲ್ಲ. ಹುಡುಗನ ಹರಕು ಚಪ್ಪಲಿಯನ್ನು ನೋಡಿ ಅವಳು ಹೇಗೆ ನಕ್ಕಳು ಎಂಬುದನ್ನು ಅವನೂ ಗಮನಿಸಲಿ.

ಇದೇ ಪರೀಕ್ಷೆ ನಗರದಲ್ಲಿ ಆಗದೆ ಎಂದರೆ, ಆಗುವುದಿಲ್ಲ. ನಗರದಲ್ಲಿ ಇಬ್ಬರು ಕೂತು ಮಾತಾಡಲು ಇರುವ ಜಾಗ ಎರಡೇ. ಒಂದು, ಒಂದು ಕಾಫಿಗೆ ಇನ್ನೂರು ಮುನ್ನೂರು ರೂಪಾಯಿ ಕೀಳುವ, ಹಾಡಿನ ಗದ್ದಲದಲ್ಲಿ ಪಕ್ಕದವರ ಮಾತೇ ಕೇಳದ ಹವಾನಿಯಂತ್ರಿತ ಅಂಗಡಿ. ಮತ್ತೊಂದು, ಸೀಟಿ ಊದುವ ಕಾವಲುಗಾರನಿರುವ ಉದ್ಯಾನ. ಮೊದಲನೆಯದರಲ್ಲಿ ಹುಡುಗನ ಜೇಬು ಮಾತ್ರ ತಿಳಿಯುತ್ತದೆ. ಎರಡನೆಯದರಲ್ಲಿ ಕಾವಲುಗಾರನ ಗುಣ ಮಾತ್ರ ತಿಳಿಯುತ್ತದೆ. ಬೆಟ್ಟದ ಖರ್ಚೋ ಬಸ್ಸಿನ ಟಿಕೆಟ್ಟು, ಮನೆಯಿಂದ ಕಟ್ಟಿಕೊಂಡ ಚಪಾತಿ ಅಥವಾ ಚಿತ್ರಾನ್ನ. 2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವೂ ಇಲ್ಲ. ನಮ್ಮ ದೇಶದ ಚರಿತ್ರೆಯಲ್ಲಿ ಗಂಡಸು ದುಬಾರಿಯಾಗಿ ಹೆಂಗಸು ಅಗ್ಗವಾದ ಪ್ರಯಾಣ ಬಹುಶಃ ಇದೊಂದೇ! ಮಾಕಳಿದುರ್ಗದ ಬುಡದಲ್ಲೇ ರೈಲು ಹಾದುಹೋಗುತ್ತದೆ. ಶಿವಗಂಗೆಗೆ ದಾಬಸ್‌ಪೇಟೆಯಲ್ಲಿ ಇಳಿದು ಹೋಗಬಹುದು. ಎಲ್ಲವೂ ಅರವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಸ್ಥಳಗಳು. ನಸುಕಿನಲ್ಲಿ ಹೊರಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು.

ಇನ್ನು ಸಂಸ್ಕೃತಿಯ ಮಾತು. ಈ ಪದವನ್ನು ನನ್ನ ಎದುರು ಬಳಸುವವರಲ್ಲಿ ನನ್ನದೊಂದು ವಿನಯಪೂರ್ವಕ ಪ್ರಾರ್ಥನೆ: ಗ್ರಂಥಗಳನ್ನು ತೆರೆದು ನೋಡಿ. ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿ ರಾಜ್ಯ ಕಳೆದುಕೊಂಡ ರಾಮ ಸೀತೆಗೆ ಚಿತ್ರಕೂಟ ಪರ್ವತವನ್ನು, ಅಲ್ಲಿಯ ಮಂದಾಕಿನಿಯನ್ನು ತೋರಿಸಿ ಸಂತೋಷಪಡುತ್ತಾನೆ. ಕುಮಾರಸಂಭವದ ಎಂಟನೆಯ ಸರ್ಗದಲ್ಲಿ ಶಿವ ಪಾರ್ವತಿಯನ್ನು ಬೆಟ್ಟದಿಂದ ಬೆಟ್ಟಕ್ಕೆ ಕರೆದೊಯ್ದು, ಗಂಧಮಾದನದ ಮೇಲೆ ನಿಲ್ಲಿಸಿ ಸಂಜೆಯನ್ನು ವರ್ಣಿಸುತ್ತಾನೆ. (ಆ ಸರ್ಗ ಅನುಚಿತವೆಂದು ಹಳೆಯ ಆಲಂಕಾರಿಕರೂ ಗೊಣಗಿದ್ದುಂಟು, ಕಾವಲುಗಾರರ ವಂಶ ಪ್ರಾಚೀನವಾದದ್ದು.) ನೆರೆಯ ತಮಿಳಿನ ಸಂಗಂ ಕಾವ್ಯದಲ್ಲಿ ಪ್ರೇಮಿಗಳ ಮಿಲನಕ್ಕೆ ಮೀಸಲಾದ ನೆಲವೇ ಕುರಿಂಜಿ, ಎಂದರೆ ಬೆಟ್ಟ. ‘ಅವರೆಲ್ಲ ದೇವರು, ಮದುವೆಯಾದವರು’ ಎನ್ನುವವರು ನಂದಿಗೇ ಬರಲಿ. ಬೆಟ್ಟದ ತಪ್ಪಲಿನ ನಂದಿಗ್ರಾಮದಲ್ಲಿರುವ ದೇವಾಲಯ ಭೋಗನಂದೀಶ್ವರನದು. 1,478 ಮೀಟರ್ ಎತ್ತರದ ನೆತ್ತಿಯ ಮೇಲಿರುವವನು ಯೋಗನಂದೀಶ್ವರ. ಕೆಳಗಿನ ಪ್ರಾಕಾರದಲ್ಲೇ ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ನಡುವಿನ ಉಮಾಮಹೇಶ್ವರ ಗುಡಿ ವಿವಾಹ ಎಂಬ ನಂಬಿಕೆಯಿದೆ. ಯೌವನಕ್ಕೂ ಒಂದು ಗುಡಿ ಕಟ್ಟಿದವರು ನಮ್ಮ ಹಿರಿಯರು. ಬುಡದಲ್ಲಿ ಭೋಗವನ್ನು ಕೂರಿಸಿ ಅದಕ್ಕೂ ಮಂಗಳಾರತಿ ಎತ್ತಿದವರ ವಂಶದಲ್ಲಿ ಹುಟ್ಟಿ, ಕೈಕೈ ಹಿಡಿದು ನಡೆದವರನ್ನು ಕಂಡು ನಾವು ನಡುಗುತ್ತೇವೆ.

ಅದೆಲ್ಲ ಹಳೆಯದಾಯಿತೆನ್ನಿ. ನಾವು ತರಗತಿಯಲ್ಲಿ ಪಾಠ ಹೇಳುವುದೇನು? ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು. ಅಲ್ಲಿ ಗುತ್ತಿ ತಿಮ್ಮಿಯನ್ನು ಕರೆದುಕೊಂಡು ಕಾಡು ಬಿದ್ದು ಹೋಗುತ್ತಾನೆ. ಐತ ಪಿಂಚಲುಗಳ ಸಂಸಾರದ ಸೊಗಸೆಲ್ಲ ಮಲೆಯ ದಾರಿಯಲ್ಲಿ, ಬಿಡಾರದಲ್ಲಿ ಇದೆ. ಮದುವೆಯ ಚಪ್ಪರದಿಂದ ಚಿನ್ನಮ್ಮ ಪಾರಾಗಿ ಹೋಗುವುದು ಹುಲಿಕಲ್ಲು ಗುಡ್ಡದ ಕಡೆಗೆ. ಅಲ್ಲಿ ಅವಳಿಗಾಗಿ ಕಾದವನು ಮುಕುಂದಯ್ಯ. ಕನ್ನಡದ ಮಹಾಕಾದಂಬರಿಯ ಪ್ರೇಮವೆಲ್ಲ ಹೆಚ್ಚುಕಡಿಮೆ ಬೆಟ್ಟಗುಡ್ಡದ ಕಾಲುಹಾದಿಯಲ್ಲೇ ನಡೆದದ್ದು. ‘ಗುತ್ತಿ ತಿಮ್ಮಿಯರ ಪ್ರೇಮದ ಸಹಜತೆಯನ್ನು ವಿವೇಚಿಸಿ’ ಎಂದು ನಾವು ಪ್ರಶ್ನೆಪತ್ರಿಕೆ ತೆಗೆಯುತ್ತೇವೆ. ಚೆನ್ನಾಗಿ ವಿವೇಚಿಸಿದ ವಿದ್ಯಾರ್ಥಿನಿಗೆ ಎಂಬತ್ತು ಅಂಕ ಕೊಡುತ್ತೇವೆ. ಅದೇ ವಿದ್ಯಾರ್ಥಿನಿ ಭಾನುವಾರ ಸಹಪಾಠಿಯ ಜೊತೆ ರಾಮದೇವರ ಬೆಟ್ಟದ ಮೆಟ್ಟಿಲ ಮೇಲೆ ಕಂಡರೆ ಸೋಮವಾರ ಅವಳ ಅಪ್ಪನಿಗೆ ಫೋನು ಮಾಡುತ್ತೇವೆ!

ನಮ್ಮ ಕಡೆಯವರಿಗೆ ಶಾಕುಂತಲವೆಂದರೆ ಬಲು ಪ್ರೀತಿ. ‘ನೋಡಿ, ಗಾಂಧರ್ವದ ಗತಿ ಏನಾಯಿತು’ ಎಂದು ಬೆರಳು ತೋರಿಸುತ್ತಾರೆ. ನಾನು ಆ ನಾಟಕವನ್ನು ಹಲವು ವರ್ಷ ಪಾಠ ಮಾಡಿದ್ದೇನೆ. ನನಗೆ ಕಾಣುವುದು ಬೇರೆ. ಕಣ್ವರು ಸೋಮತೀರ್ಥಕ್ಕೆ ಹೋಗಿದ್ದರು. ನಡೆದದ್ದು ಇಬ್ಬರು ಗೆಳತಿಯರಿಗೆ ಮಾತ್ರ ಗೊತ್ತು. ಸಾಕ್ಷಿಗೆ ಒಂದು ಉಂಗುರ, ಅದೂ ನೀರುಪಾಲಾಯಿತು. ತುಂಬಿದ ಸಭೆಯಲ್ಲಿ ಅವಳ ಮಾತನ್ನು ನಂಬುವವರು ಯಾರೂ ಇರಲಿಲ್ಲ. ಅವಳನ್ನು ಕೆಡಿಸಿದ್ದು ಪ್ರೇಮವೆಂದು ಹೇಳುವುದಕ್ಕಿಂತ ಗುಟ್ಟು ಎಂದು ಹೇಳುವುದು ನ್ಯಾಯ.

ಅಪಾಯದ ಮಾತಿಗೆ ನನ್ನ ಉತ್ತರವೂ ಇಲ್ಲೇ ಇದೆ. ಬೆಟ್ಟದಲ್ಲಿ ಅಪಾಯವಿಲ್ಲವೆಂದು ನಾನು ಹೇಳುವುದಿಲ್ಲ. ಮಳೆಯಲ್ಲಿ ಬಂಡೆ ಪಾಚಿಗಟ್ಟಿ ಜಾರುತ್ತದೆ. ಸಾವನದುರ್ಗ, ರಾಮನಗರದ ಕಾಡುಗಳಲ್ಲಿ ಕರಡಿಗಳಿವೆ. 2021ರ ಆಗಸ್ಟಿನಲ್ಲಿ ನಂದಿಬೆಟ್ಟದ ರಸ್ತೆಯೇ ಕುಸಿದು ಬಿದ್ದಿತು. ಕೆಟ್ಟ ಮನುಷ್ಯರೂ ಇದ್ದಾರೆ. ಆದರೆ ಇವುಗಳಲ್ಲಿ ಯಾವುದನ್ನು ನಮ್ಮ ನಿಷೇಧ ತಡೆಯುತ್ತದೆ? ನಾವು ಬೇಡವೆಂದ ಮಾತ್ರಕ್ಕೆ ಮಕ್ಕಳು ಹೋಗುವುದನ್ನು ಬಿಟ್ಟಿಲ್ಲ. ಹೇಳಿ ಹೋಗುವುದನ್ನು ಬಿಟ್ಟಿದ್ದಾರೆ. ‘ಸ್ನೇಹಿತೆಯ ಮನೆಯಲ್ಲಿ ಓದಿಕೊಳ್ಳುತ್ತೇನೆ’ ಎಂದು ಹೊರಟ ಹುಡುಗಿ ಫೋನಿನ ಬಾಯಿ ಕಟ್ಟುತ್ತಾಳೆ. ಜನ ಓಡಾಡುವ ದಾರಿಯಲ್ಲಿ ಪರಿಚಿತರು ಸಿಕ್ಕಾರು ಎಂಬ ಹೆದರಿಕೆಗೆ ಮೆಟ್ಟಿಲುದಾರಿ ಬಿಟ್ಟು ಪೊದೆಯ ದಾರಿ ಹಿಡಿಯುತ್ತಾಳೆ. ಕಾಲು ಉಳುಕಿದರೆ ಮನೆಗೆ ತಿಳಿಸುವಂತಿಲ್ಲ. ಜೊತೆಗೆ ಬಂದವನೇ ನೀಚನಾದರೆ, ‘ನೀನು ಇಲ್ಲಿಗೆ ಬಂದದ್ದು ನಿಮ್ಮಪ್ಪನಿಗೆ ಗೊತ್ತಾದರೆ?’ ಎಂಬ ಒಂದೇ ಮಾತಿನಲ್ಲಿ ಅವಳ ಬಾಯಿ ಮುಚ್ಚಿಸಬಲ್ಲ. ಆ ಆಯುಧವನ್ನು ಅವನ ಕೈಗೆ ಕೊಟ್ಟವರು ನಾವು. ಹೇಳಿ ಹೋದ ಮಗಳ ಮೇಲೆ ಅದು ನಡೆಯುವುದಿಲ್ಲ. ನನ್ನ ಮಗಳನ್ನು ಕಳಿಸುತ್ತೇನೆ ಎಂದು ನಾನು ಹೇಳಿದ್ದು ಧೈರ್ಯಕ್ಕಲ್ಲ, ಈ ಲೆಕ್ಕಕ್ಕೆ.

ಬುಡದಲ್ಲಿ ನಿಂತು ಗುರುತಿನ ಚೀಟಿ ಕೇಳುವ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾವ ಬೆಟ್ಟವೆಂದು ಹೇಳುವುದಿಲ್ಲ. ನಾವು ಮನೆಮಂದಿಯೆಲ್ಲ ಹೋಗಿದ್ದೆವು. ನಮ್ಮ ಮುಂದೆ ಒಂದು ಜೋಡಿ. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬಹುದು. ಕಾವಲಿನವನು ಅವರನ್ನು ಪಕ್ಕಕ್ಕೆ ಕರೆದು, “ಏನಮ್ಮಾ, ಇವನು ನಿಂಗೇನಾಗ್ಬೇಕು? ನಿಮ್ಮಪ್ಪನ ನಂಬರ್ ಕೊಡು” ಎಂದ. ಹುಡುಗಿಯ ಮುಖ ಬಿಳುಪೇರಿತು. ಅದೇ ಹೊತ್ತಿಗೆ ಎಂಟು ಜನ ಗಂಡಸರ ಗುಂಪೊಂದು, ಚೀಲದಲ್ಲಿ ಬಾಟಲಿಗಳು ಠಣ್ ಠಣ್ ಎನ್ನುತ್ತಿರಲು, ಅವನ ಬೆನ್ನ ಹಿಂದೆಯೇ ಮೇಲಕ್ಕೆ ಹೋಯಿತು. ಅವರನ್ನು ಯಾರು ಯಾರಿಗೆ ಏನಾಗಬೇಕೆಂದು ಕೇಳಲಿಲ್ಲ. ನಮ್ಮನ್ನೂ ಕೇಳಲಿಲ್ಲ; ನಮ್ಮ ನರೆಗೂದಲೇ ನಮ್ಮ ವಿವಾಹಪತ್ರವಾಗಿತ್ತು. ನಾನು ಹತ್ತಿರ ಹೋಗಿ, ಇದಕ್ಕೆ ನಿಯಮ ಎಲ್ಲಿದೆಯಪ್ಪ, ತೋರಿಸು ಎಂದೆ. “ಮೇಲಿನವರ ಆರ್ಡರ್ ಅಮ್ಮಾ” ಎಂದ. ಕಾಗದವಿರಲಿಲ್ಲ. ಅಷ್ಟರಲ್ಲಿ ಹುಡುಗ ಮಡಿಸಿದ ನೋಟೊಂದನ್ನು ಅವನ ಅಂಗೈಗೆ ಸೇರಿಸಿ ಆಗಿತ್ತು. ದಾರಿ ತೆರೆಯಿತು. ಸಂಸ್ಕೃತಿಯ ಸುಂಕ ವಸೂಲಾಯಿತು.

ಇದು ಹೊಸದೂ ಅಲ್ಲ. 2001ರಲ್ಲಿ ವಡೋದರದ ಒಂದು ಕೈಗಾರಿಕಾ ವಸತಿ ಪ್ರದೇಶದಲ್ಲಿ, ಕೇಂದ್ರ ಭದ್ರತಾ ಪಡೆಯ ಪೇದೆಯೊಬ್ಬ ರಾತ್ರಿ ಮೋಟಾರ್ ಸೈಕಲ್ ಮೇಲೆ ಹೋಗುತ್ತಿದ್ದ ಯುವಕನನ್ನೂ ಅವನೊಡನೆ ನಿಶ್ಚಿತಾರ್ಥವಾಗಿದ್ದ ಹುಡುಗಿಯನ್ನೂ ತಡೆದು, ಹೆದರಿಸಿ, ಕೊನೆಗೆ ಯುವಕನ ಕೈಗಡಿಯಾರ ಕಿತ್ತುಕೊಂಡ. ಅವನನ್ನು ಕೆಲಸದಿಂದ ವಜಾ ಮಾಡಿದ್ದು ಸರಿಯೆಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು; ಜನರ ನೀತಿಯನ್ನು ಕಾಯುವ ಕೆಲಸ ಪೊಲೀಸರದಲ್ಲ, ಆ ನೆಪದಲ್ಲಿ ವಸೂಲಿ ಮಾಡಕೂಡದು ಎಂದೂ ಹೇಳಿತು. ಹದಿನೆಂಟು ತುಂಬಿದ ಇಬ್ಬರು ಒಟ್ಟಿಗೆ ಬೆಟ್ಟ ಹತ್ತುವುದನ್ನು ನಮ್ಮ ದೇಶದ ಯಾವ ಕಾನೂನೂ ಅಪರಾಧ ಎನ್ನುವುದಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲವಾಗಿ ನಡೆದುಕೊಂಡು ಇತರರಿಗೆ ಕಿರುಕುಳವಾದರೆ ಅದಕ್ಕೆ ಬೇರೆ ಕಲಮು ಇದೆ. ಅದು ಮದುವೆಯಾದವರಿಗೂ ಒಂದೇ. 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು ಸಾರಿದ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು. ಅದೇ ರಾಜ್ಯದ ಒಂದು ಬೆಟ್ಟದ ಬುಡದಲ್ಲಿ ನಿಂತು ‘ನಿಮ್ಮಪ್ಪನ ನಂಬರ್ ಕೊಡು’ ಎನ್ನುತ್ತೇವೆ.

ಮುಚ್ಚಿಟ್ಟು ಫಲವಿಲ್ಲದ ಇನ್ನೊಂದು ಮಾತಿದೆ. ನಮ್ಮ ಆತಂಕಕ್ಕೆ ನಾವು ಶೀಲ ಎಂದು ಹೆಸರಿಟ್ಟಿದ್ದೇವೆ; ಅದರ ನಿಜವಾದ ಹೆಸರು ಬೇರೆ. ಮಗಳು ಸಾವನದುರ್ಗದಿಂದ ಇಳಿದು ಬಂದು ಹುಡುಗನ ಹೆಸರು ಹೇಳಿದಾಗ, ನಾವು ಮೊದಲು ಕೇಳುವ ಪ್ರಶ್ನೆ ಯಾವುದು? ಅವನು ನಿನ್ನನ್ನು ಚೆನ್ನಾಗಿ ನೋಡಿಕೊಂಡನೆ ಎಂದಲ್ಲ. “ಯಾವ ಪೈಕಿ?” ಎಂದು. ಸ್ವಜಾತಿಯ, ಸಂಬಳವಿರುವ ಹುಡುಗನಾದರೆ ಅದೇ ಬೆಟ್ಟ ಒಮ್ಮೆಲೇ ಪವಿತ್ರವಾಗಿಬಿಡುತ್ತದೆ. ನಿಶ್ಚಿತಾರ್ಥ ಮುಗಿದ ಮರುವಾರ ಇದೇ ಹಿರಿಯರು ಸಾವಿರಾರು ರೂಪಾಯಿ ತೆತ್ತು ಛಾಯಾಗ್ರಾಹಕರನ್ನು ಗೊತ್ತು ಮಾಡಿ, ಇದೇ ಬಂಡೆಗಳ ಮೇಲೆ ಹುಡುಗನ ಎದೆಗೆ ಹುಡುಗಿಯನ್ನು ಒರಗಿಸಿ, ಆಕಾಶದಿಂದ ಡ್ರೋನ್ ಹಾರಿಸಿ ಚಿತ್ರ ತೆಗೆಸುತ್ತಾರೆ. ಮದುವೆಯ ದಿನ ಛತ್ರದ ಬಾಗಿಲಲ್ಲಿ ಆ ಚಿತ್ರವನ್ನು ಆಳೆತ್ತರ ಮಾಡಿಸಿ ನಿಲ್ಲಿಸುತ್ತಾರೆ. ಆಗ ಆಗುವ ತಾಳಿಯೂ ಇನ್ನೂ ಆಗಿರುವುದಿಲ್ಲ! ಆದ್ದರಿಂದ ಆಕ್ಷೇಪಣೆ ಬೆಟ್ಟಕ್ಕಲ್ಲ, ಅಪ್ಪುಗೆಗೂ ಅಲ್ಲ, ಆಯ್ಕೆ ಯಾರದು ಎಂಬುದಕ್ಕೆ. ವಯಸ್ಕರಿಬ್ಬರು ತಾವೇ ಆಯ್ದುಕೊಳ್ಳುವ ಹಕ್ಕಿಗೆ ಮನೆತನವೂ ಜಾತಿಪಂಚಾಯಿತಿಯೂ ಅಡ್ಡ ಬರಕೂಡದೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಬೇಕಾಗಿ ಬಂತು. ಮಾನಕ್ಕಾಗಿ ಮಕ್ಕಳನ್ನೇ ಕೊಲ್ಲುವ ದೇಶದಲ್ಲಿ ಅದು ಹೇಳಬೇಕಾದ ಮಾತೇ ಆಗಿತ್ತು.

ಶಿವಗಂಗೆಯ ಒಂದು ಬಂಡೆಯನ್ನು ತೋರಿಸಿ, ಹೊಯ್ಸಳ ರಾಣಿ ಶಾಂತಲೆ ಇಲ್ಲಿಂದ ಹಾರಿ ಪ್ರಾಣ ಬಿಟ್ಟಳು ಎನ್ನುತ್ತಾರೆ. ಶ್ರವಣಬೆಳಗೊಳದ ಶಾಸನ ತಿಳಿಸುವುದು ಆಕೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎಂಬುದನ್ನು. ಹಾರಿದ ಕಥೆಯನ್ನು ಕಟ್ಟಿದವರು ಜನ. ಬೆಟ್ಟದ ಮೇಲೆ ಹೆಣ್ಣೊಬ್ಬಳು ನಿಂತಿದ್ದರೆ ಬೀಳಲೆಂದೇ ನಿಂತಿದ್ದಾಳೆಂದು ಕಾಣುವ ಕಣ್ಣು ನಮಗೆ ಬಹಳ ಹಿಂದಿನದು. ಅದೇ ಬೆಟ್ಟದ ಒಳಕಲ್ಲು ತೀರ್ಥದ ಮುಂದೆ ನಾನು ಒಂದು ಜೋಡಿಯನ್ನು ಕಂಡೆ. ಆ ಕುಳಿಯೊಳಗೆ ತೋಳಿಟ್ಟವರ ಕೈಗೆ ನೀರು ಸಿಕ್ಕಿದರೆ ಪುಣ್ಯವಂತರೆಂದು ನಂಬಿಕೆ. ಹುಡುಗಿಗೆ ಸಿಕ್ಕಿತು, ಹುಡುಗನಿಗೆ ಸಿಕ್ಕಲಿಲ್ಲ. ಅವಳು ಒದ್ದೆಗೈಯನ್ನು ಅವನ ಕೈಗೆ ಒರೆಸಿ, “ತಗೊಳ್ಳಿ, ಅರ್ಧ ಅರ್ಧ” ಎಂದಳು. ಅರ್ಚಕರು ನಕ್ಕರು. ಅಲ್ಲಿ ಯಾರ ಧರ್ಮಕ್ಕೂ ಚ್ಯುತಿ ಬಂದಂತೆ ನನಗೆ ಕಾಣಲಿಲ್ಲ.

ಹಾಗೆಂದು ಜೋಡಿಗಳು ಮಾಡಿದ್ದೆಲ್ಲ ನನಗೆ ಒಪ್ಪಿಗೆಯಲ್ಲ. ಕೋಟೆಯ ಗೋಡೆಯ ಮೇಲೆ ಹೃದಯ ಬರೆದು, ಬಾಣ ಚುಚ್ಚಿ, ಎರಡು ಹೆಸರು ಕೆತ್ತುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಪ್ರೇಮ ಒಂದು ಮಳೆಗಾಲ ಬಾಳದಿದ್ದರೂ ಗಾಯ ನೂರು ವರ್ಷ ಬಾಳುತ್ತದೆ. ಬಂಡೆಯ ಅಂಚಿನಲ್ಲಿ ಬೆನ್ನು ಮಾಡಿ ನಿಂತು ಚಿತ್ರ ತೆಗೆದುಕೊಳ್ಳುವವರು ತಂದೆತಾಯಿಗಳನ್ನು ನೆನೆಯಬೇಕು. ರಾಮದೇವರ ಬೆಟ್ಟ 1975ರ ‘ಶೋಲೆ’ ಚಿತ್ರದ ಊರು ಎಂದು ಅಲ್ಲಿ ಹೋಗಿ ಗಬ್ಬರನ ಧ್ವನಿಯಲ್ಲಿ ಕೂಗುವವರಿಗೆ, ಅದು 2012ರಿಂದ ರಣಹದ್ದುಗಳ ಅಭಯಾರಣ್ಯವೂ ಹೌದು, ಹಕ್ಕಿಗಳಿಗೆ ಆ ಸಂಭಾಷಣೆ ಬೇಕಿಲ್ಲ ಎಂದು ಯಾರಾದರೂ ಹೇಳಲಿ. ಕಾರಿನಲ್ಲಿ ನಂದಿಯ ನೆತ್ತಿಯವರೆಗೂ ಹೋಗಿ, ಮಂಜಿನಲ್ಲಿ ಹತ್ತು ನಿಮಿಷ ನಿಂತು, ಸಾಲುಗಟ್ಟಿದ ಕಾರುಗಳ ನಡುವೆ ಹಾರನ್ ಹೊಡೆಯುತ್ತ ಇಳಿಯುವುದನ್ನು ನಾನು ಬೆಟ್ಟ ಹತ್ತುವುದೆಂದು ಕರೆಯಲಾರೆ. ನಂದಿಗೆ ಸುಲ್ತಾನ್‌ಪೇಟೆಯ ಕಡೆಯಿಂದ ಸಾವಿರಕ್ಕೂ ಮಿಕ್ಕಿದ ಮೆಟ್ಟಿಲುಗಳಿವೆ. ಪರೀಕ್ಷೆ ನಡೆಯುವುದು ಅಲ್ಲಿ.

ಮಗಳಿಗೆ ನಾನು ಹಾಕಿರುವ ಷರತ್ತುಗಳೂ ಇವೆ. ಯಾವ ಬೆಟ್ಟ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಹೇಳಿ ಹೋಗಬೇಕು. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಅವಳ ನೀರು ಅವಳ ಚೀಲದಲ್ಲೇ. (ಇದು ನನ್ನ ಚಿಕ್ಕಮ್ಮನ ಮಗಳು ಕಲಿಸಿದ ಪಾಠ.) ಮಳೆಗಾಲದಲ್ಲಿ ಬೋಳುಬಂಡೆ ಬೇಡ. ಕತ್ತಲಾಗುವ ಮೊದಲು ರಸ್ತೆಗೆ ಇಳಿದಿರಬೇಕು. ಮನಸ್ಸಿಗೆ ಸರಿಕಾಣದಿದ್ದರೆ ಅರ್ಧ ದಾರಿಯಿಂದಲೇ ತಿರುಗಿ ಬರಬೇಕು. ಮನೆಯಲ್ಲಿ ಯಾರೂ ಕಾರಣ ಕೇಳುವುದಿಲ್ಲ. ಕೊನೆಯ ಮಾತಿಗೆ ಅವಳ ಅಪ್ಪ ಒಪ್ಪಲು ಎರಡು ದಿನ ತೆಗೆದುಕೊಂಡರು. ಒಪ್ಪಿದರು.

ಸರ್ಕಾರದಿಂದ ನನಗೆ ಬೇಕಾದದ್ದೂ ಹೆಚ್ಚಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನೆರೆದ ಚಿತ್ರಗಳನ್ನು ನೋಡಿ ನಾಡೆಲ್ಲ ಗಾಬರಿಯಾದ ಮೇಲೆ, ಅರಣ್ಯ ಇಲಾಖೆಯವರು ಚಾರಣಕ್ಕೆ ಮುಂಗಡ ಟಿಕೆಟ್ಟಿನ ಕಟ್ಟುಪಾಡು ಬಿಗಿ ಮಾಡಿದರು. ಅದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಹತ್ತಿದವರ ಹೆಸರು ಬುಡದಲ್ಲಿ ಬರೆದಿದ್ದರೆ, ಸಂಜೆ ಇಳಿಯದವರು ಯಾರೆಂದು ತಿಳಿಯುತ್ತದೆ, ಹುಡುಕಲು ಹೋಗಬಹುದು. ಆ ಪುಸ್ತಕದ ಉಪಯೋಗ ಅಷ್ಟಕ್ಕೇ ನಿಲ್ಲಬೇಕು. ಹೆಸರಿನ ಪಕ್ಕದಲ್ಲಿ ‘ಸಂಬಂಧ’ ಎಂಬ ಕಾಲಮು ಬೇಡ. ಹಾಗೆಯೇ, ಹೆಣ್ಣುಮಕ್ಕಳ ಬಗ್ಗೆ ನಿಜವಾಗಿಯೂ ಕಾಳಜಿ ಇರುವವರು ಇನ್ನೊಂದು ಸಂಗತಿಯನ್ನು ವಿಚಾರಿಸಲಿ. ನಾನು ಹತ್ತಿದ ಬೆಟ್ಟಗಳಲ್ಲಿ ಎರಡು ಕಡೆ ಬುಡದಲ್ಲಿ ಹೆಂಗಸರ ಶೌಚಾಲಯವೇನೋ ಇತ್ತು, ಬಾಗಿಲಿಗೆ ಬೀಗ ಹಾಕಿತ್ತು. ಒಂದು ಕಡೆ ಬೀಗದ ಕೈ ಯಾರ ಹತ್ತಿರವಿದೆ ಎಂದು ಕೇಳಿದ್ದಕ್ಕೆ, ಗುರುತಿನ ಚೀಟಿ ಕೇಳಲು ನಿಂತವರಿಗೇ ಗೊತ್ತಿರಲಿಲ್ಲ.